ಮಂದಿ ಬಂದರೆ ಮಂದಿ ಬರುವುದಿಲ್ಲ: ಮನೆಯಲ್ಲೇ ಪಾಳಣಾಘರ ನಡೆಸುವವರು ಈ ಕಾಲವನ್ನು ಹೇಗೆ ದಾಟುತ್ತಿದ್ದೀರಿ?

ತೊಟ್ಟಿಲು_ಪುಣೆ

ಎಲ್ಲರಿಗೂ ನಮಸ್ಕಾರ. ನನ್ನ ಊರು ಗದಗ ಕಡೆ, ಇರುವುದು ಪುಣೆಯ ವಾಕಡ್‌ನಲ್ಲಿ. ಹದಿನಾಲ್ಕು ವರ್ಷಗಳಿಂದ ಮನೆಯಲ್ಲೇ ಪಾಳಣಾಘರ ನಡೆಸುತ್ತಿದ್ದೇನೆ. ಕರ್ನಾಟಕದಲ್ಲಿ ಕುಳಿತು ಓದುವವರಿಗೆ ಒಂದು ಮಾತು: ಶಿಶುವಿಹಾರ ಎಂದರೆ ನಿಮಗೆ ನೆನಪಾಗುವುದು ಬೆಳಿಗ್ಗೆ ಎರಡು ತಾಸು ಹಾಡು ಹೇಳಿಸಿ ಕಳಿಸುವ ಜಾಗ. ಪಾಳಣಾಘರ ಹಾಗಲ್ಲ. ಮಗು ಬೆಳಿಗ್ಗೆ ಎಂಟಕ್ಕೆ ಬರುತ್ತದೆ, ಸಂಜೆ ಏಳಕ್ಕೆ ಹೋಗುತ್ತದೆ. ನಡುವಿನ ಊಟ, ನಿದ್ದೆ, ಹಟ, ಸಣ್ಣಪುಟ್ಟ ಜ್ವರ ಎಲ್ಲವೂ ನಮ್ಮ ಪಡಸಾಲೆಯಲ್ಲೇ. ಎಷ್ಟೋ ಮಕ್ಕಳ ಮೊದಲ ಹೆಜ್ಜೆಯೂ ಅಲ್ಲೇ. ಅದನ್ನು ಮಾತ್ರ ನಾವು ತಾಯಿಗೆ ಹೇಳುವುದಿಲ್ಲ, ಮನೆಯಲ್ಲಿ ಇಟ್ಟ ಹೆಜ್ಜೆಯೇ ಮೊದಲನೆಯದು ಎಂದು ಅವಳು ಫೋನ್ ಮಾಡಿದಾಗ "ಹೌದೇನು!" ಎಂದು ಬೆರಗಾಗುತ್ತೇವೆ.

ವಿಷಯಕ್ಕೆ ಬರುತ್ತೇನೆ. ನನ್ನ ಹತ್ತಿರ ಹತ್ತು ಮಕ್ಕಳಿದ್ದವು. ಎರಡು ತಿಂಗಳಲ್ಲಿ ಮೂರು ಹೋದವು. ತಂದೆ ತಾಯಿ ಎಲ್ಲರೂ ಹಿಂಜವಡಿಯ ಐಟಿ ಕಂಪನಿಗಳವರು. ದೇಶದ ಅತಿ ದೊಡ್ಡ ಐಟಿ ಕಂಪನಿ ಸುಮಾರು 12,000 ಹುದ್ದೆಗಳನ್ನು ಕಡಿತ ಮಾಡುವುದಾಗಿ 2025ರ ಜುಲೈಯಲ್ಲಿ ಹೇಳಿತಲ್ಲ, ಅಂದಿನಿಂದ ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಡುವ ಪಾಲಕರ ಮಾತಿನ ಧಾಟಿಯೇ ಬದಲಾಗಿದೆ. ಕೆಲಸ ಹೋದವರು ಮಗುವನ್ನು ಬಿಡಿಸುವುದು ಅರ್ಥವಾಗುತ್ತದೆ. ಕೆಲಸ ಇದ್ದವರೂ "ಅಕ್ಕಾ, ಮುಂದಿನ ತಿಂಗಳು ನೋಡಿ ಹೇಳುತ್ತೇವೆ" ಎನ್ನುತ್ತಿದ್ದಾರೆ. ಮರಾಠಿಯಲ್ಲಿ ಆರ್ಥಿಕ ಹಿಂಜರಿತಕ್ಕೆ ಮಂದಿ ಎನ್ನುತ್ತಾರೆ, ನಮ್ಮ ಕಡೆ ಮಂದಿ ಎಂದರೆ ಜನ. ಇಲ್ಲಿಗೆ ಬಂದ ಹೊಸದರಲ್ಲಿ "ಬಾಜಾರದಲ್ಲಿ ಮಂದಿ ಇದೆ" ಎಂದು ಯಾರೋ ಹೇಳಿದಾಗ ಒಳ್ಳೆಯದಾಯಿತು ಎಂದುಕೊಂಡಿದ್ದೆ.

ನನ್ನ ಪ್ರಶ್ನೆಗಳು ಮೂರು. ಉಳಿದ ಏಳು ಮಕ್ಕಳ ಶುಲ್ಕ ಇಳಿಸಿದರೆ ಅವರಾದರೂ ನಿಲ್ಲುತ್ತಾರೆಯೇ? ಸಹಾಯಕ್ಕೆ ಬರುವ ಹೆಂಗಸರನ್ನು ಇಲ್ಲಿ ಮಾವಶಿ ಎನ್ನುತ್ತೇವೆ, ಆ ಇಬ್ಬರು ಮಾವಶಿಯರಲ್ಲಿ ಒಬ್ಬರನ್ನು ಬಿಡಬೇಕೇ? ಬಿಟ್ಟು ಹೋದವರು "ಕೆಲಸ ಸಿಕ್ಕ ಕೂಡಲೇ ಮತ್ತೆ ಕಳಿಸುತ್ತೇವೆ, ಜಾಗ ಇಟ್ಟಿರಿ" ಎನ್ನುತ್ತಾರೆ. ಇಡಬೇಕೇ?

ಮುಲುಂಡ್ ಮಾಮಿ

ಮೂರನೆಯ ಪ್ರಶ್ನೆಗೆ ಮೊದಲು ಉತ್ತರ: ಇಡಬೇಡಿ. ಅವರು ಸುಳ್ಳು ಹೇಳುತ್ತಿಲ್ಲ, ಆದರೆ ವಾಪಸ್ ಬರುವುದಿಲ್ಲ.

ನಾನು 1996ರಿಂದ 2021ರ ತನಕ ಮುಂಬೈಯ ಮುಲುಂಡ್‌ನಲ್ಲಿ ಮಕ್ಕಳನ್ನು ನೋಡಿಕೊಂಡವಳು. ಕಿರಾಣಿ ಅಂಗಡಿಯವನ ಗಿರಾಕಿ ಕಷ್ಟ ಬಂದರೆ ಎರಡು ಕಿಲೋ ಬದಲು ಒಂದು ಕಿಲೋ ಸಕ್ಕರೆ ಒಯ್ಯುತ್ತಾನೆ, ಕಾಲ ಸುಧಾರಿಸಿದ ಮೇಲೆ ಮತ್ತೆ ಎರಡು ಕಿಲೋ ಒಯ್ಯುತ್ತಾನೆ. ನಮ್ಮ ಗಿರಾಕಿ ಬೆಳೆಯುತ್ತಾನೆ! 2020ರ ಮಾರ್ಚ್ 25ರಂದು ಲಾಕ್‌ಡೌನ್ ಆದಾಗ ನನ್ನಲ್ಲಿ ಒಂಬತ್ತು ಮಕ್ಕಳಿದ್ದವು. ಎಲ್ಲಕ್ಕಿಂತ ಚಿಕ್ಕದಕ್ಕೆ ಎಂಟು ತಿಂಗಳು. ಕಚೇರಿಗಳು ಜನರನ್ನು ಸರಿಯಾಗಿ ವಾಪಸ್ ಕರೆಯುವ ಹೊತ್ತಿಗೆ ಆ ಎಂಟು ತಿಂಗಳ ಕೂಸು ಚೀಲ ಹಾಕಿಕೊಂಡು ನರ್ಸರಿಗೆ ಹೊರಟಿತ್ತು. ಒಂಬತ್ತರಲ್ಲಿ ಒಂದೂ ಮರಳಲಿಲ್ಲ. ಯಾರ ತಪ್ಪೂ ಅಲ್ಲ. ಆರು ತಿಂಗಳಿನಿಂದ ಮೂರು ವರ್ಷದ ತನಕ, ಅಷ್ಟೇ ನಮ್ಮ ವ್ಯಾಪಾರದ ಆಯುಷ್ಯ. ಅದರಲ್ಲಿ ಒಂದು ವರ್ಷ ಹೋದರೆ ಮಗುವೇ ಹೋಯಿತು.

ಇನ್ನೊಂದು ಇದೆ, ಅದು ನನಗೆ 2008ರಲ್ಲಿ ಅರ್ಥವಾದದ್ದು. ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಲೆಹ್ಮನ್ ಬ್ಯಾಂಕ್ ಮುಳುಗಿತು. ಅದರ ಹೆಸರನ್ನೂ ನಾನು ಕೇಳಿರಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದೊಂದೇ ಮಗು ಬಿಡತೊಡಗಿತು. ಒಬ್ಬ ತಾಯಿಯ ಕೆಲಸ ಗಟ್ಟಿಯಾಗಿಯೇ ಇತ್ತು, ಸರ್ಕಾರಿ ಬ್ಯಾಂಕು. ಹೋದದ್ದು ಗಂಡನ ಕೆಲಸ. "ಹೇಗೂ ಅವರು ಮನೆಯಲ್ಲೇ ಇದ್ದಾರಲ್ಲ ಮಾಮಿ" ಎಂದು ಮಗುವನ್ನು ಕರೆದುಕೊಂಡು ಹೋದಳು. ಅಂದು ರಾತ್ರಿ ಲೆಕ್ಕ ಹಾಕಿದೆ. ಒಂದು ಮಗು ಎರಡು ನೌಕರಿಗಳ ಮೇಲೆ ನಿಂತಿರುತ್ತದೆ. ಯಾವುದು ಹೋದರೂ ಮಗು ನಮ್ಮ ಮನೆಗೆ ಬರುವುದು ನಿಲ್ಲುತ್ತದೆ. ಹತ್ತು ಮಕ್ಕಳಿದ್ದರೆ ಇಪ್ಪತ್ತು ನೌಕರಿಗಳು ನೆಟ್ಟಗಿರಬೇಕು, ಆಗ ನಮ್ಮ ಒಂದು ಸಂಸಾರ ನಡೆಯುತ್ತದೆ. ಇಷ್ಟು ಸೂಕ್ಷ್ಮವಾದ ಧಂಧೆ ಇನ್ನೊಂದಿಲ್ಲ.

2021ರಲ್ಲಿ ಮತ್ತೆ ಶುರು ಮಾಡಲು ನೋಡಿದೆ. ಒಬ್ಬ ತಾಯಿ ಇನ್ನೊಬ್ಬ ತಾಯಿಗೆ ಹೇಳುವುದೇ ನಮ್ಮ ಜಾಹೀರಾತು. ಹೇಳುವ ತಾಯಂದಿರೇ ಇರಲಿಲ್ಲ. ನಿಲ್ಲಿಸಿಬಿಟ್ಟೆ.

ಎರಡನೇ ಪಾಳಿ

ನಾನು ಮಗುವನ್ನು ಬಿಡಿಸಿದ ತಂದೆ. ತೊಟ್ಟಿಲು ಅವರ ಪಾಳಣಾಘರದಿಂದ ಅಲ್ಲ, ಪಿಂಪಳೆ ಸೌದಾಗರದ ಇನ್ನೊಂದರಿಂದ. ಬೈಯುವವರಿದ್ದರೆ ಬೈದುಕೊಳ್ಳಿ, ನಮ್ಮ ಕಡೆಯ ಕಥೆಯನ್ನೂ ಕೇಳಿ.

ಕಳೆದ ವರ್ಷ ಕೆಲಸ ಹೋಯಿತು. ಆ ರಾತ್ರಿ ನಾವಿಬ್ಬರೂ ಕುಳಿತು ಖರ್ಚಿನ ಪಟ್ಟಿ ಮಾಡಿದೆವು. ಮನೆ ಸಾಲದ ಕಂತು ಮುಟ್ಟುವಂತಿಲ್ಲ. ಅಪಾರ್ಟ್‌ಮೆಂಟ್ ಸೊಸೈಟಿಯ ಶುಲ್ಕ, ಅಮ್ಮನ ಔಷಧ, ವಿಮೆ, ಇವನ್ನೂ ಮುಟ್ಟುವಂತಿಲ್ಲ. ಮುಟ್ಟಬಹುದಾದ ದೊಡ್ಡ ಮೊತ್ತ ಒಂದೇ ಇತ್ತು, ಪಾಳಣಾಘರದ 8,000 ರೂಪಾಯಿ. ಕಾರು ತೊಳೆಯುವವನನ್ನು ಬಿಡಿಸಿದರೆ ಉಳಿಯುವುದು 600. ಆಗ ಇದು ಬಹಳ ಜಾಣ ನಿರ್ಧಾರ ಅನ್ನಿಸಿತ್ತು.

ಮೂರನೆಯ ವಾರಕ್ಕೆ ಸಂದರ್ಶನಗಳು ಶುರುವಾದವು. ಎಲ್ಲವೂ ವಿಡಿಯೊದಲ್ಲಿ. ಒಂದೂವರೆ ವರ್ಷದ ಮಗಳು ಬಾಗಿಲು ಬಡಿಯುತ್ತಿದ್ದಳು, ಆ ಕಡೆ ಮೂವರು ಕುಳಿತು ನನ್ನ ದೌರ್ಬಲ್ಯಗಳೇನು ಎಂದು ಕೇಳುತ್ತಿದ್ದರು. ನಾಚಿಕೆ ಬಿಟ್ಟು ಆ ಅಕ್ಕನಿಗೆ ಫೋನ್ ಮಾಡಿದೆ. ಸಂದರ್ಶನ ಇದ್ದ ದಿನ ಮಾತ್ರ ಬಿಡಿ, ದಿನಕ್ಕೆ 400 ಕೊಡಿ ಎಂದರು. ಊಟ ಹಾಕಿ, ಮಲಗಿಸಿ ಕಳಿಸುತ್ತಿದ್ದರು. ಏಳು ತಿಂಗಳ ನಂತರ ಕೆಲಸ ಸಿಕ್ಕಿತು. ಅಷ್ಟರಲ್ಲಿ ಜಾಗ ತುಂಬಿತ್ತು. ತುಂಬದೆ ಇನ್ನೇನು?

ಶುಲ್ಕ ಇಳಿಸಿದ್ದರೆ ನಾನು ಮಗುವನ್ನು ಬಿಡಿಸುತ್ತಿರಲಿಲ್ಲವೇ ಎಂದು ಕೇಳಿಕೊಂಡಿದ್ದೇನೆ. 8,000ದ ಬದಲು 7,000 ಎಂದಿದ್ದರೂ ಬಿಡಿಸುತ್ತಿದ್ದೆ. ಅರ್ಧ ದಿನಕ್ಕೆ ಅರ್ಧ ಎಂದಿದ್ದರೆ ಬಿಡಿಸುತ್ತಿರಲಿಲ್ಲ. ಇದು ಒಬ್ಬನ ಅನುಭವ ಮಾತ್ರ. ಆದರೆ ಇನ್ನೊಂದನ್ನು ಕೇಳಲೇಬೇಕು. ಶಾಲೆಯವರು ಮೂರು ತಿಂಗಳ ಶುಲ್ಕ ಮುಂಗಡ ಎಂದರೆ ನಾವು ಚಕಾರ ಎತ್ತದೆ ಕಟ್ಟುತ್ತೇವೆ. ಪಾಳಣಾಘರದವರು ಒಂದು ತಿಂಗಳ ಮುನ್ಸೂಚನೆಯನ್ನೂ ಏಕೆ ಕೇಳುವುದಿಲ್ಲ? ನಾನು ಆ ತಿಂಗಳ 28ಕ್ಕೆ ಹೇಳಿ 1ಕ್ಕೆ ನಿಲ್ಲಿಸಿದ್ದೆ. ಅವರು "ಆಯಿತಪ್ಪಾ, ಮಗುವನ್ನು ಚೆನ್ನಾಗಿ ನೋಡಿಕೊಳ್ಳಿ" ಎಂದರು.

ಜಮಾ ಖರ್ಚು

ನಾನು ವೃತ್ತಿಯಿಂದ ಲೆಕ್ಕಪತ್ರದವನು, ಡೊಂಬಿವಲಿ. ತೊಟ್ಟಿಲು ಅವರೇ, ಶುಲ್ಕ ಇಳಿಸುವ ಮೊದಲು ಈ ಲೆಕ್ಕ ನೋಡಿ. ಅಂಕಿಗಳು ನನ್ನ ಅಂದಾಜು, ನಿಮ್ಮದನ್ನು ಹಾಕಿಕೊಳ್ಳಿ.

ಹತ್ತು ಮಕ್ಕಳು, ತಲಾ 7,000, ಒಟ್ಟು 70,000. ಇಬ್ಬರು ಸಹಾಯಕಿಯರಿಗೆ 20,000. ಹಾಲು, ಹಣ್ಣು, ರವೆ, ಬೇಳೆ, ತರಕಾರಿಗೆ 12,000. ಗ್ಯಾಸು, ವಿದ್ಯುತ್ತು, ಸ್ವಚ್ಛತೆಗೆ 6,000. ಕೈಗೆ ಉಳಿಯುವುದು 32,000. ಈಗ ನಾಲ್ಕು ಮಕ್ಕಳು ಹೋದವು ಎನ್ನೋಣ. ಬರುವುದು 42,000. ಉಳಿದ ಆರರಲ್ಲಿ ಎರಡು ಹಾಲುಗೂಸುಗಳಿದ್ದರೆ ಸಹಾಯಕಿಯರನ್ನು ಕಡಿಮೆ ಮಾಡಲು ಆಗುವುದಿಲ್ಲ, ಅದೇ 20,000. ಆಹಾರ 8,000ಕ್ಕೆ ಇಳಿಯಬಹುದು. ಫ್ಯಾನು ಆರು ಮಕ್ಕಳಿಗೂ ಅಷ್ಟೇ ತಿರುಗುತ್ತದೆ, 5,000. ಉಳಿದದ್ದು 9,000. ಮಕ್ಕಳು ಇಳಿದದ್ದು ಶೇ 40, ನಿಮ್ಮ ಗಳಿಕೆ ಇಳಿದದ್ದು ಶೇ 70ಕ್ಕೂ ಹೆಚ್ಚು. ಇದರ ಮೇಲೆ ತಲಾ 1,000 ರೂಪಾಯಿ ರಿಯಾಯಿತಿ ಕೊಟ್ಟರೆ ತಿಂಗಳಿಗೆ 3,000 ಉಳಿಯುತ್ತದೆ. ಅಷ್ಟಕ್ಕೆ ಹನ್ನೊಂದು ತಾಸು ನಿಂತು ಕೆಲಸ ಮಾಡುತ್ತೀರಾ?

ಕಾಗದದ ವಿಷಯ. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಇದೆ, ಮಾಡಿಸಿ. 2020ರ ಜುಲೈ 1ರಿಂದ ಇದೆ, ಆಧಾರ್, ಪ್ಯಾನ್ ಇದ್ದರೆ ಸಾಕು, ಶುಲ್ಕವಿಲ್ಲ. ಹಣ ಕೇಳುವ ಜಾಲತಾಣ ಸಿಕ್ಕರೆ ಅದು ಸರ್ಕಾರದ್ದಲ್ಲ. ವರ್ಷದ ವಹಿವಾಟು 20 ಲಕ್ಷದ ಒಳಗಿರುವುದರಿಂದ ಜಿಎಸ್‌ಟಿ ನೋಂದಣಿಯ ಚಿಂತೆ ಇಲ್ಲ. ತೆರಿಗೆ ಬರದಿದ್ದರೂ ಪ್ರತಿ ವರ್ಷ ಆದಾಯ ತೆರಿಗೆ ವಿವರ ಸಲ್ಲಿಸಿ. ನೌಕರಿಯವನ ಬಳಿ ಸಂಬಳದ ಚೀಟಿ ಇರುತ್ತದೆ. ನಿಮ್ಮ ಬಳಿ ಆದಾಯವಿತ್ತು ಎನ್ನುವುದಕ್ಕೆ ಅದೊಂದೇ ಸಾಕ್ಷಿ. ಮುದ್ರಾ ಯೋಜನೆಯ ಮೊದಲ ಹಂತಕ್ಕೆ ಶಿಶು ಎಂದೇ ಹೆಸರು, 50,000 ರೂಪಾಯಿ ತನಕ ಅಡಮಾನವಿಲ್ಲದ ಸಾಲ. ಹೆಸರು ನಿಮಗಾಗಿಯೇ ಇಟ್ಟಂತಿದೆ.

ತೊಟ್ಟಿಲು_ಪುಣೆ

ಜಮಾ ಖರ್ಚು ಅವರೇ, ಲೆಕ್ಕ ನೋಡಿ ಎದೆ ಧಸಕ್ಕೆಂದಿತು. ನನ್ನ ಅಂಕಿಗಳನ್ನು ಹಾಕಿದರೂ ಹೆಚ್ಚು ಕಡಿಮೆ ಅದೇ ಬರುತ್ತದೆ.

ಶಿಶು ಸಾಲಕ್ಕೆ ಹೋಗಿದ್ದೆ. ಬ್ಯಾಂಕಿನವರು ಒಳ್ಳೆಯ ಮಾತಿನಲ್ಲೇ "ವ್ಯವಹಾರದ ಸ್ಥಳದ ದಾಖಲೆ" ಕೇಳಿದರು. ಸ್ಥಳ ಎಂದರೆ ನನ್ನ ಮನೆ. ಮನೆಯಲ್ಲಿ ವ್ಯವಹಾರ ನಡೆಸಲು ಸೊಸೈಟಿಯ ಒಪ್ಪಿಗೆ ಪತ್ರ ಬೇಕು. ಆ ಪತ್ರ ಕೇಳಿದರೆ ಲಿಫ್ಟ್ ಬಳಕೆ, ನೀರು, ಗದ್ದಲ ಎಂದು ಸಭೆ ಕರೆಯುತ್ತಾರೆ, ತಿಂಗಳ ಶುಲ್ಕ ಏರಿಸುತ್ತಾರೆ. ಸಮಿತಿಯಲ್ಲಿ ಕೂರುವ ಇಬ್ಬರ ಮೊಮ್ಮಕ್ಕಳು ನನ್ನ ಹತ್ತಿರವೇ ಬೆಳೆದವರು ಎನ್ನುವುದು ಬೇರೆ ಮಾತು. ಹೀಗೆ ನಾನು ಎಲ್ಲರಿಗೂ ಗೊತ್ತಿರುವ, ಯಾವ ಕಾಗದದಲ್ಲೂ ಇಲ್ಲದ ಧಂಧೆ ನಡೆಸುತ್ತಿದ್ದೇನೆ.

ಇನ್ನು ಸಾಲವೆಂದರೆ ನನಗೆ 2020 ನೆನಪಾಗುತ್ತದೆ. ಮಾರ್ಚ್‌ನಿಂದ ಆಗಸ್ಟ್ ತನಕ ಕಂತು ಕಟ್ಟುವುದು ಬೇಡ ಎಂದು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತು. ಆರು ತಿಂಗಳು ಕಟ್ಟಲಿಲ್ಲ. ಬಡ್ಡಿ ಮಾತ್ರ ಬೆಳೆಯುತ್ತಲೇ ಇತ್ತು, ನನ್ನ ಕಂತುಗಳು ಮುಂದಕ್ಕೆ ಉದ್ದವಾದವು. ಮಗು ಇಲ್ಲದೆ ಸಾಲ ಮಾಡಿದರೆ ತೀರಿಸುವುದು ಯಾವುದರಿಂದ?

ಸಾವರ್ಡೆ ಸೊಸೆ

ನಾನು ಹಳಿಯಾಳದ ಮಗಳು, ಗೋವಾದ ಸಾವರ್ಡೆಗೆ ಸೊಸೆಯಾಗಿ ಬಂದವಳು. ನಿಮ್ಮೆಲ್ಲರ ಕಥೆಯಲ್ಲಿ ಕಷ್ಟದ ಕಾಲಕ್ಕೆ ಮಕ್ಕಳು ಕಡಿಮೆಯಾಗುತ್ತವೆ. ನನ್ನಲ್ಲಿ ಹೆಚ್ಚಾದವು. ಹೆಚ್ಚಾದದ್ದರಿಂದಲೇ ನಾನು ಬಡವಾದೆ.

ನಮ್ಮದು ಗಣಿಯ ಸೀಮೆ. ಮನೆಗೊಂದು ಟಿಪ್ಪರ್, ಕೆಲವರಿಗೆ ಮೂರು. ಅದಿರು ತುಂಬಿಕೊಂಡು ಹೊಳೆಯ ದಕ್ಕೆಗೆ ಹೋಗುವುದು, ಅಲ್ಲಿಂದ ಬಾರ್ಜ್ ಎಂಬ ಸರಕು ದೋಣಿಗೆ. ಆಗ ನನ್ನ ಹತ್ತಿರ ಎರಡೇ ಮಕ್ಕಳು, ಒಬ್ಬ ಶಿಕ್ಷಕಿಯದು, ಒಬ್ಬ ಬ್ಯಾಂಕಿನವಳದು. ಟಿಪ್ಪರ್ ಮಾಲೀಕರ ಹೆಂಡಿರು ಕೆಲಸಕ್ಕೆ ಹೋಗುತ್ತಿರಲಿಲ್ಲ. 2012ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಗಣಿಗಾರಿಕೆ ನಿಲ್ಲಿಸಿತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ತಡೆಯೂ ಬಂತು. ಟಿಪ್ಪರ್‌ಗಳು ಗದ್ದೆಯ ಬದಿಯಲ್ಲಿ ನಿಂತವು, ಅವುಗಳ ಮೇಲೆ ಬಳ್ಳಿ ಹಬ್ಬಿದ್ದನ್ನು ನಾನೇ ನೋಡಿದ್ದೇನೆ. ಸಾಲ ಮಾತ್ರ ನಿಲ್ಲಲಿಲ್ಲ. ಗಂಡಸರು ಕಟ್ಟೆಯ ಮೇಲೆ ಕುಳಿತು ಕೋರ್ಟಿನ ಸುದ್ದಿ ಮಾತನಾಡಿದರು. ಹೆಂಗಸರು ಹೊರಟರು. ಗೇರುಬೀಜದ ಕಾರ್ಖಾನೆಗೆ, ಮಡಗಾವಿನ ಬಟ್ಟೆ ಅಂಗಡಿಗಳಿಗೆ, ಇನ್ನೊಬ್ಬರ ಮನೆಯ ಅಡುಗೆಗೆ. ಗಂಡ ಮನೆಯಲ್ಲಿದ್ದಾನಲ್ಲ, ಮಗುವನ್ನು ನೋಡಿಕೊಳ್ಳಬಾರದೇ ಎಂದು ಕೇಳುವಿರಿ. ಮುಲುಂಡ್ ಮಾಮಿಯವರ ಬ್ಯಾಂಕಿನ ತಾಯಿಯ ಗಂಡ ನೋಡಿಕೊಂಡನಂತೆ, ದೊಡ್ಡ ಮಾತು. ನಮ್ಮಲ್ಲಿ ಹಾಗೆ ನೋಡಿಕೊಂಡವರು ಇಬ್ಬರೇ.

ಹೀಗೆ ಎರಡು ಇದ್ದದ್ದು ಒಂಬತ್ತಾಯಿತು. ತಿಂಗಳಿಗೆ 500 ರೂಪಾಯಿ ಎಂದು ಹೇಳಿದ್ದೆ, ಅದೂ ಬರುತ್ತಿರಲಿಲ್ಲ. ಒಬ್ಬಳು ಬಾಂಗಡೆ ತಂದು ಕೊಡುತ್ತಿದ್ದಳು, ನಾವು ಮೀನು ತಿನ್ನದವರು ಎಂದು ಹೇಳಲು ಬಾಯಿ ಬರಲಿಲ್ಲ. ಪಕ್ಕದ ಮನೆಗೆ ಕೊಟ್ಟು ತೆಂಗಿನಕಾಯಿ ತೆಗೆದುಕೊಳ್ಳುತ್ತಿದ್ದೆ. ಹಾಲಿನ ಬಿಲ್ಲು ಮಾತ್ರ ರೊಕ್ಕದಲ್ಲೇ ಕೊಡಬೇಕು. ವಹಿಯಲ್ಲಿ ಬಾಕಿ ಬರೆಯುತ್ತಾ ಹೋದೆ. ಒಬ್ಬರು ಎಷ್ಟೋ ಕಾಲದ ಮೇಲೆ ಬಾಕಿಯ ಬದಲು ನಮ್ಮ ಅಂಗಳಕ್ಕೆ ಒಂದು ಟಿಪ್ಪರ್ ಕೆಂಪು ಕಲ್ಲು ತಂದು ಸುರಿದು ಹೋದರು. ಆ ಕಲ್ಲಿನಿಂದಲೇ ಹಿತ್ತಲ ಗೋಡೆ ಕಟ್ಟಿದ್ದೇವೆ.

ಗಣಿ ಸ್ವಲ್ಪ ಚಿಗುರಿದಾಗ ಹೆಂಗಸರು ಮನೆಗೆ ಮರಳಿದರು, ಮಕ್ಕಳೂ ಮರಳಿದವು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ 88 ಗುತ್ತಿಗೆಗಳನ್ನು ರದ್ದು ಮಾಡಿತು, ಮಾರ್ಚ್ ಮಧ್ಯಕ್ಕೆ ಮತ್ತೆ ಎಲ್ಲ ಬಂದ್. ಮತ್ತೆ ನನ್ನ ಬಾಗಿಲಿಗೆ ಸಾಲು. ಈ ಸಲ ಐದಕ್ಕಿಂತ ಹೆಚ್ಚು ಮಕ್ಕಳು ಬೇಡ ಎಂದೆ. ಅದನ್ನು ಹೇಳಲು ನನಗೆ ಆರು ವರ್ಷ ಬೇಕಾಯಿತು.

ಠಾಣೆ ಟಪಾಲು

ನಿವೃತ್ತ ಅಂಚೆ ನೌಕರ. ಯಾರೂ ಬೇಸರ ಮಾಡಿಕೊಳ್ಳಬಾರದು. ನಾವು ಬೆಳೆದದ್ದು ಮುಂಬೈಯ ಪರಳದ ಚಾಳಿನಲ್ಲಿ, ಸಾಲು ಖೋಲಿಗಳು, ಖೋಲಿಗೊಂದು ಸಂಸಾರ. ತಾಯಂದಿರು ಹೊರಗೆ ಹೋದರೆ ಪಕ್ಕದ ಖೋಲಿಯ ಅಜ್ಜಿ ನೋಡಿಕೊಳ್ಳುತ್ತಿದ್ದರು. ಶುಲ್ಕವೂ ಇರಲಿಲ್ಲ, ಮುಂಗಡವೂ ಇರಲಿಲ್ಲ. ಮಮತೆಯನ್ನು ವ್ಯಾಪಾರ ಮಾಡಿದ ಮೇಲೆ ವ್ಯಾಪಾರದ ಏರಿಳಿತವೂ ಬಂದೇ ಬರುತ್ತದೆ. ಅದಕ್ಕೆ ಅಳುವುದೇಕೆ?

ಕುರ್ಲಾ ಲೋಕಲ್

ಟಪಾಲು ಅಣ್ಣಾವರೇ, ಆ ಅಜ್ಜಿಗೆ ಏನು ಸಿಗುತ್ತಿತ್ತು ಎಂದು ನಿಮ್ಮ ತಾಯಿಯವರನ್ನು ಕೇಳಿದ್ದಿರಾ? ನನ್ನ ಅಜ್ಜಿ ಮುಂಬೈಯ ಲಾಲ್‌ಬಾಗ್‌ನ ಚಾಳಿನಲ್ಲಿ ಅಂಥದ್ದೇ ಒಬ್ಬ ಅಜ್ಜಿಯಾಗಿದ್ದಳು. ಅಕ್ಕಿ ಸಿಗುತ್ತಿತ್ತು, ಹಳೆಯ ಸೀರೆ ಸಿಗುತ್ತಿತ್ತು, ಸಂಬಳದ ದಿನ ಕೈಗೆ ಏನೋ ಬೀಳುತ್ತಿತ್ತು. ಅದಕ್ಕೆ ಶುಲ್ಕ ಎಂಬ ಹೆಸರಿರಲಿಲ್ಲ, ಅಷ್ಟೇ. 1982ರ ಜನವರಿ 18ರಂದು ಮುಂಬೈಯ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯಿತು, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಅಜ್ಜಿಯ ಖೋಲಿಗೆ ಮಕ್ಕಳು ಹೆಚ್ಚಿದವು, ಅಕ್ಕಿ ನಿಂತಿತು. ಸಾವರ್ಡೆ ಸೊಸೆಯವರು ಬರೆದದ್ದನ್ನು ಓದಿ ಅದೇ ನೆನಪಾಯಿತು. ಆ ವರ್ಷ ನನ್ನ ಅಜ್ಜಿ ಕಿವಿಯ ಬೆಂಡೋಲೆ ಮಾರಿ ಬೇರೆಯವರ ಮಕ್ಕಳಿಗೆ ಗಂಜಿ ಕುಡಿಸಿದಳು. ಮಮತೆಯ ಲೆಕ್ಕವನ್ನು ಯಾರಾದರೂ ಒಬ್ಬರು ತೆತ್ತಿರುತ್ತಾರೆ, ಮನೆಯವರಿಗೆ ತಿಳಿಯದಂತೆ.

ನಾನು ಮನೆಗೆಲಸದ ಮಹಿಳೆಯರ ನಡುವೆ ಓಡಾಡುವವಳು. ಒಂದು ವಿಚಿತ್ರ ಹೇಳುತ್ತೇನೆ. ಮಹಾರಾಷ್ಟ್ರದಲ್ಲಿ ಮನೆಗೆಲಸದವರ ಕಲ್ಯಾಣ ಮಂಡಳಿಯ ಕಾನೂನು 2008ರಿಂದ ಇದೆ. 2021ರ ಏಪ್ರಿಲ್‌ನಲ್ಲಿ ಕೋವಿಡ್‌ನ ಎರಡನೆಯ ಅಲೆಯ ನಿರ್ಬಂಧ ಬಂದಾಗ, ನೋಂದಣಿಯಾದ ಮನೆಗೆಲಸದವರಿಗೆ ರಾಜ್ಯ ಸರ್ಕಾರ 1,500 ರೂಪಾಯಿ ನೆರವು ಘೋಷಿಸಿತು. ಕಟ್ಟಡ ಕಾರ್ಮಿಕರಿಗೂ ರಿಕ್ಷಾದವರಿಗೂ ಅಷ್ಟೇ. ಇನ್ನೊಬ್ಬರ ಮನೆಗೆ ಹೋಗಿ ಅವರ ಮಗುವನ್ನು ನೋಡಿಕೊಳ್ಳುವವಳು ಮನೆಗೆಲಸದವಳು, ಅರ್ಜಿ ಹಾಕಬಹುದು. ಅದೇ ಮಗುವನ್ನು ತನ್ನ ಮನೆಗೆ ಕರೆಸಿಕೊಂಡು ನೋಡಿಕೊಳ್ಳುವವಳು? ಅವಳ ಹೆಸರಿನ ಕಲಮೇ ಇಲ್ಲ. ಬೀದಿ ವ್ಯಾಪಾರಿಗೆ 2020ರ ಜೂನ್‌ನಲ್ಲಿ ಸ್ವನಿಧಿ ಎಂಬ 10,000 ರೂಪಾಯಿಯ ಸಾಲ ಬಂತು, ಇವಳು ಬೀದಿಯಲ್ಲಿಲ್ಲ. ಅಸಂಘಟಿತ ಕಾರ್ಮಿಕರಿಗೆ ಇ-ಶ್ರಮ್ ಚೀಟಿ 2021ರ ಆಗಸ್ಟ್‌ನಿಂದ ಸಿಗುತ್ತದೆ, ಮಾಡಿಸಿ. ಅದು ಗುರುತು, ಸಂಪಾದನೆಯಲ್ಲ.

ಕೂಸಿನ ಮನೆ ಬೇಕು ಎನ್ನುವ ಕಾನೂನುಗಳು ಇಲ್ಲವೆಂದಲ್ಲ. ಐವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಟ್ಟಡದ ನಿವೇಶನದಲ್ಲಿ ಮಕ್ಕಳ ಕೋಣೆ ಇರಬೇಕು ಎಂದು 1996ರ ಕಾಯ್ದೆ ಹೇಳಿತ್ತು. ಐವತ್ತು ಜನರಿರುವ ಕಚೇರಿಗೂ ಅದು ಬೇಕು ಎಂದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಹೇಳಿತ್ತು. ಎರಡೂ ಮಾಲೀಕರಿಗೆ ಹೇಳಿದ ಮಾತುಗಳು. ದೊಡ್ಡ ಕಂಪನಿ ಒಪ್ಪಂದ ಮಾಡಿಕೊಳ್ಳುವುದಾದರೆ ಹತ್ತು ಶಾಖೆಗಳಿರುವ ದೊಡ್ಡ ಪಾಳಣಾಘರದ ಜೊತೆಗೆ, ವಾಕಡ್‌ನ ಎರಡನೆಯ ಮಹಡಿಯ ಅಕ್ಕನ ಜೊತೆಗಲ್ಲ. ನವಿ ಮುಂಬೈಯ ಖಾರ್ಘರ್‌ನ ಒಂದು ಪಾಳಣಾಘರದಲ್ಲಿ 2016ರಲ್ಲಿ ಹತ್ತು ತಿಂಗಳ ಮಗುವನ್ನು ಹೊಡೆದ ದೃಶ್ಯ ಕ್ಯಾಮೆರಾದಲ್ಲಿ ಸಿಕ್ಕ ಮೇಲೆ ಎಲ್ಲ ಪಾಲಕರೂ ಕ್ಯಾಮೆರಾ ಕೇಳಿದರು. ಕೇಳಿದ್ದು ನ್ಯಾಯವೇ. ಆ ಖರ್ಚು ಯಾರದು ಎಂದು ಮಾತ್ರ ಯಾರೂ ಕೇಳಲಿಲ್ಲ.

ಎರಡನೇ ಪಾಳಿ

ನನ್ನ ಚಿಕ್ಕಮ್ಮನ ಮಗಳು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಇದೇ ಕೆಲಸ ಮಾಡುತ್ತಾಳೆ, ಅದಕ್ಕೇ ಒಂದು ಮಾತು. ಅಲ್ಲಿ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಆಫ್‌ಸ್ಟೆಡ್ ಎಂಬ ಸರ್ಕಾರಿ ಸಂಸ್ಥೆಯಲ್ಲಿ ಅಥವಾ ಅದು ಒಪ್ಪಿದ ಏಜೆನ್ಸಿಯಲ್ಲಿ ನೋಂದಣಿ ಮಾಡಿಸಬೇಕು. ಎಂಟು ವರ್ಷದೊಳಗಿನ ಆರು ಮಕ್ಕಳು, ಅದರಲ್ಲಿ ಐದರೊಳಗಿನವು ಸಾಮಾನ್ಯವಾಗಿ ಮೂರು, ಅದಕ್ಕಿಂತ ಹೆಚ್ಚಿಲ್ಲ. ತಪಾಸಣೆಗೆ ಬಂದರೆ ಇವಳಿಗೆ ಜ್ವರ ಬರುತ್ತದೆ. ಆದರೆ 2020ರಲ್ಲಿ ಸ್ವಂತ ದುಡಿಮೆಯವರಿಗೆಂದು ಸರ್ಕಾರ ನೆರವು ಕೊಟ್ಟಾಗ, ಅವಳು ಹಿಂದಿನ ವರ್ಷಗಳಲ್ಲಿ ಸಲ್ಲಿಸಿದ ತೆರಿಗೆ ವಿವರದ ಮೇಲೆ ಮೂರು ತಿಂಗಳ ಲಾಭದ ಶೇ 80ರಷ್ಟು ಒಟ್ಟಿಗೆ ಖಾತೆಗೆ ಬಂತು. ಗರಿಷ್ಠ ಮಿತಿ 7,500 ಪೌಂಡ್ ಇತ್ತು, ಅವಳದು ಅಷ್ಟು ದೂರ ಹೋಗಲಿಲ್ಲ. ಹಾಗೆಂದು ಅಲ್ಲಿ ಸ್ವರ್ಗವಿಲ್ಲ. ಬಾಡಿಗೆ, ವಿದ್ಯುತ್ ಬಿಲ್ಲು ನೋಡಿ ಅವಳೂ ಬಿಟ್ಟುಬಿಡುವ ಮಾತಾಡುತ್ತಾಳೆ. ಜಮಾ ಖರ್ಚು ಅವರು ತೆರಿಗೆ ವಿವರ ಸಲ್ಲಿಸಿ ಎಂದದ್ದಕ್ಕೆ ಇದನ್ನು ಬರೆದೆ.

ಜಮಾ ಖರ್ಚು

ಅದೇ ನಾನು ಹೇಳಿದ್ದು. ಇಲ್ಲಿ ಅಂಥ ನೆರವು ಬರಲಿಲ್ಲ, ಒಪ್ಪುತ್ತೇನೆ. ಮುಂದೆ ಬಂದರೆ ಕಾಗದ ಇಲ್ಲದವರಿಗೆ ಖಂಡಿತ ಬರುವುದಿಲ್ಲ.

ಮುಲುಂಡ್ ಮಾಮಿ

ಮಾವಶಿಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಬಿಡಬೇಡಿ. 2009ರಲ್ಲಿ ನಾನು ಒಬ್ಬಳನ್ನು ಬಿಟ್ಟೆ. 3,000 ರೂಪಾಯಿ ಉಳಿಸಿದೆ ಎಂದುಕೊಂಡೆ. ಅವಳು ಹೋದ ವಾರ ಎರಡು ಕೂಸುಗಳು ಊಟ ಬಿಟ್ಟವು. ಮಕ್ಕಳು ಹಚ್ಚಿಕೊಂಡಿರುವುದು ನಮ್ಮನ್ನಲ್ಲ, ಅವಳನ್ನು. ನಾವು ಬಾಗಿಲಲ್ಲಿ ಪಾಲಕರ ಜೊತೆ ಮಾತನಾಡುವವರು. ಎತ್ತಿಕೊಂಡು ತಿರುಗುವವಳು ಅವಳು. ಆ ಎರಡು ಕೂಸುಗಳನ್ನೂ ತಾಯಂದಿರು ಬಿಡಿಸಿದರು. ತಾಸು ಕಡಿಮೆ ಮಾಡಿ, ಸಂಬಳ ಅದಕ್ಕೆ ತಕ್ಕಂತೆ ಮಾಡಿ, ಕೂರಿಸಿಕೊಂಡು ಲೆಕ್ಕ ತೋರಿಸಿ ಮಾತನಾಡಿ. ಅವಳ ಮನೆಯಲ್ಲೂ ಮಕ್ಕಳಿವೆ. ಕಂಪನಿಗಳ ಏರಿಳಿತದಲ್ಲಿ ಕೂಸು ಬಡವಾಗುವುದು ಆ ಮನೆಯಲ್ಲಿ.

ತೊಟ್ಟಿಲು_ಪುಣೆ

ಎಲ್ಲರೂ ಬರೆದದ್ದನ್ನು ಮಾವಶಿಯರಿಬ್ಬರಿಗೂ ಓದಿ, ಮರಾಠಿಯಲ್ಲಿ ಹೇಳಿದೆ. ಮಾಮಿಯವರ ಮಾತಿಗೆ ಹಿರಿಯ ಮಾವಶಿ ಎದ್ದು ಹೋಗಿ ಚಹ ಮಾಡಿಕೊಂಡು ಬಂದರು, ಏನೂ ಹೇಳಲಿಲ್ಲ.

ಮಾಡಿದ್ದು ಇಷ್ಟು. ಶುಲ್ಕ ಇಳಿಸಲಿಲ್ಲ. ಅರ್ಧ ದಿನ ಎಂದು ಹೊಸದಾಗಿ ಶುರು ಮಾಡಿದೆ, 4,000 ರೂಪಾಯಿ. ಬಿಟ್ಟು ಹೋದ ಮೂರರಲ್ಲಿ ಒಂದು ಮಗು ಅದಕ್ಕೆ ಮರಳಿತು. ಅದರ ತಂದೆಗೂ ಸಂದರ್ಶನಗಳು ನಡೆಯುತ್ತಿವೆ. ಶಾಲೆ ಬಿಟ್ಟ ಮೇಲೆ ಮೂರರಿಂದ ಏಳರ ತನಕ ಇರುವ ದೊಡ್ಡ ಮಕ್ಕಳನ್ನು ಹಿಂದೆ ನಾನು ತೆಗೆದುಕೊಳ್ಳುತ್ತಿರಲಿಲ್ಲ, ಅವರ ಗದ್ದಲಕ್ಕೆ ಸಣ್ಣವು ಎಚ್ಚರವಾಗುತ್ತವೆ ಎಂದು. ಈಗ ಇಬ್ಬರನ್ನು ತೆಗೆದುಕೊಂಡಿದ್ದೇನೆ. ಕಿರಿಯ ಮಾವಶಿ ಈಗ ಮಧ್ಯಾಹ್ನ ಹನ್ನೆರಡಕ್ಕೆ ಬರುತ್ತಾರೆ, ಬೆಳಿಗ್ಗೆ ಬೇರೆ ಕಡೆ ಅಡುಗೆಗೆ ಹೋಗುತ್ತಾರೆ. ಬಿಡಿಸುವುದಾದರೆ ಒಂದು ತಿಂಗಳು ಮೊದಲೇ ಹೇಳಬೇಕು, ಇಲ್ಲವೇ ಆ ತಿಂಗಳ ಶುಲ್ಕ ಕೊಡಬೇಕು ಎಂದು ಕಾಗದದ ಮೇಲೆ ಬರೆದು ಎಲ್ಲರಿಂದ ಸಹಿ ಮಾಡಿಸಿದೆ. ಒಬ್ಬ ತಂದೆ ಮುಖ ಗಂಟು ಹಾಕಿಕೊಂಡರು. ಉಳಿದವರು ಓದದೆಯೇ ಸಹಿ ಹಾಕಿದರು, ಅವರಿಗೆ ಅಂಥ ಕಾಗದಗಳ ಅಭ್ಯಾಸವಿದೆ. ಸೊಸೈಟಿಯ ಪತ್ರದ ಗೋಜಿಗೆ ಹೋಗದೆ ಉದ್ಯಮ್ ನೋಂದಣಿ ಮುಗಿಸಿದ್ದೇನೆ, ಜಮಾ ಖರ್ಚು ಅವರಿಗೆ ಧನ್ಯವಾದ.

ಅವರ ಲೆಕ್ಕ ನೋಡಿದ ಮೇಲೆ ಒಂದು ತಿಂಗಳು ವಹಿ ಬರೆದೆ, ಬಂದ ಹೊತ್ತು, ಹೋದ ಹೊತ್ತು ಸಮೇತ. ಅದರಲ್ಲಿ ನಾನು ಹುಡುಕದೇ ಇದ್ದದ್ದೊಂದು ಸಿಕ್ಕಿತು. ಏಳು ಗಂಟೆಗೆ ಒಯ್ಯಬೇಕಾದ ಮಕ್ಕಳು ಏಳೂವರೆ, ಎಂಟು, ಒಮ್ಮೆ ಎಂಟು ನಲವತ್ತರ ತನಕ ಇದ್ದವು. ಎಲ್ಲ ಸೇರಿಸಿದರೆ ತಿಂಗಳಿಗೆ 31 ತಾಸು. ಹೋದ ವರ್ಷ ಹೀಗಿರಲಿಲ್ಲ. ಕೆಲಸ ಉಳಿದಿರುವವರು ಕಚೇರಿಯಿಂದ ಮೊದಲು ಏಳಲು ಹೆದರುತ್ತಿದ್ದಾರೆ, ತಮ್ಮ ಹೆಸರು ಮುಂದಿನ ಪಟ್ಟಿಯಲ್ಲಿ ಬರಬಾರದೆಂದು. ಅವರು ಅಲ್ಲಿ ಕೂರುವಷ್ಟು ಹೊತ್ತು ನಾನೂ ಮಾವಶಿಯೂ ಇಲ್ಲಿ ಕೂರುತ್ತೇವೆ. ಆ 31 ತಾಸಿಗೆ ದರ ಎಷ್ಟು ಎಂದು ಬರೆದು ಇಟ್ಟಿದ್ದೇನೆ. ಪಾಲಕರ ಗುಂಪಿಗೆ ಕಳಿಸುವ ಧೈರ್ಯ ಇನ್ನೂ ಬಂದಿಲ್ಲ.

ಠಾಣೆ ಟಪಾಲು

ಕಳಿಸಿರಿ ತಾಯೀ. ತಡವಾದ ಪತ್ರಕ್ಕೆ ನಾವೂ ದಂಡ ಹಾಕುತ್ತಿದ್ದೆವು.